ಮಗ ತಂದ ಸಹಿ: ಲೆಸ್ಟರ್‌ನಲ್ಲಿ ಒಬ್ಬ ಮಾರ್ಮನ್ ಮಿಷನರಿಯ ಪ್ರಕರಣ

ಇದು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 2023ರ ಆಗಸ್ಟ್‌ನಿಂದ ಮುಂದಿನ ವರ್ಷದ ಬೇಸಿಗೆಯವರೆಗೆ ನಡೆದ ಪ್ರಕರಣ. ಯಾರ ಗುರುತೂ ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದೆ. ಮನೆ, ಕೆಲಸ, ಓದಿಗೆ ಸಂಬಂಧಿಸಿದ ಕೆಲವು ವಿವರಗಳನ್ನು ಬದಲಿಸಿದೆ. ಮಿಷನರಿಗಳಿಬ್ಬರನ್ನು ಎಲ್ಡರ್ ಕ ಮತ್ತು ಎಲ್ಡರ್ ಮ ಎಂದು ಕರೆದಿದೆ; ಈ ಚರ್ಚಿನ ಗಂಡು ಮಿಷನರಿಗಳ ಹೆಸರಿನ ಮುಂದೆ ಎಲ್ಡರ್ ಎಂದು ಸೇರಿಸುವುದು ರೂಢಿ. ವಲಸಿಗರ ನಡುವೆ ಕೆಲಸ ಮಾಡುವ ಶಿಕ್ಷಕರು, ಸಮಾಜ ಕಾರ್ಯಕರ್ತರು, ಆಸ್ಪತ್ರೆಯವರು, ಯಾವ ಧರ್ಮದ ಪ್ರಚಾರಕರೇ ಆಗಲಿ, ಇಲ್ಲಿ ಎದ್ದ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಎದುರಿಸುತ್ತಾರೆ.

ಹಿನ್ನೆಲೆ

ಮಿಷನರಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನವರು. ಅವರು ವರ್ಷಗಟ್ಟಲೆ ಇಲ್ಲೇ ಉಳಿದು ಊರಿನ ಭಾಷೆ ಕಲಿತರು. ಕಿಟ್ಟೆಲ್ ಅವರ 1894ರ ನಿಘಂಟು ಇವತ್ತಿಗೂ ನಮ್ಮ ಕಪಾಟಿನಲ್ಲಿದೆ. ಮಾರ್ಮನ್ ಮಿಷನರಿಯದು ಬೇರೆಯೇ ಲೆಕ್ಕ. ಮಾರ್ಮನ್ನರು ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು; ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬುದು ಸಂಸ್ಥೆಯ ಪೂರ್ಣ ಹೆಸರು. ಅದರ ಹುಡುಗರು 18 ತುಂಬಿದ ಮೇಲೆ 24 ತಿಂಗಳು, ಹುಡುಗಿಯರಾದರೆ 18 ತಿಂಗಳು, ಸಂಸ್ಥೆ ಹೇಳಿದ ಊರಿಗೆ ಹೋಗಿ ದುಡಿಯುತ್ತಾರೆ. ಸಂಬಳವಿಲ್ಲ, ಖರ್ಚೂ ತಮ್ಮದೇ. ಅಮೆರಿಕದಿಂದ ಹೊರಡುವವರು 2020ರ ಜುಲೈನಿಂದ ತಿಂಗಳಿಗೆ 500 ಡಾಲರ್ ಕಟ್ಟುತ್ತಾರೆ, ಎರಡು ವರ್ಷಕ್ಕೆ 12,000. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಎಲ್ಲಿಗೆ ಹೋದರೂ ಜೋಡಿದಾರ ಜೊತೆಗಿರಲೇಬೇಕು. ವಾರಕ್ಕೊಂದು ದಿನ, ಸಾಮಾನ್ಯವಾಗಿ ಸೋಮವಾರ, ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಫೋನ್ ಮಾಡಲು ಬಿಡುವು. ಪ್ರತಿ ವಾರ ಮನೆಗೆ ಫೋನ್ ಮಾಡುವ ಅವಕಾಶ ಸಿಕ್ಕಿದ್ದೇ 2019ರ ಫೆಬ್ರುವರಿಯಲ್ಲಿ. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಹೊರಡುತ್ತದೆ. ಇಂಥವನು ಲೆಸ್ಟರ್‌ನ ವಲಸಿಗರಾಡುವ ಗುಜರಾತಿ ಕಲಿಯುವುದಾದರೂ ಯಾವಾಗ?

ಎಲ್ಡರ್ ಕ 19 ವರ್ಷದವನು. ಅಮೆರಿಕದ ಐಡಹೋ ರಾಜ್ಯದ ಆಗ್ನೇಯ ಭಾಗದ, ಆಲೂಗಡ್ಡೆ ಬೆಳೆಯುವ ಸಣ್ಣ ಊರು ಅವನದು. ಅಲ್ಲಿ ನೆರೆಹೊರೆಯೆಲ್ಲ ಒಂದೇ ಚರ್ಚಿನವರು. ಮಿಷನ್ನಿನ ಹಣದಲ್ಲಿ ಹೆಚ್ಚಿನ ಪಾಲು ಅವನೇ ಹೊಲದಲ್ಲಿ ಕೂಲಿ ಮಾಡಿ ಉಳಿಸಿದ್ದು. ಅವನ ಹಿರಿಯ ಜೋಡಿದಾರ ಎಲ್ಡರ್ ಮ ಬ್ರೆಜಿಲ್‌ನವನು. ಅರ್ಧಕ್ಕಿಂತ ಹೆಚ್ಚು ಸೇವಾವಧಿ ಮುಗಿಸಿದ್ದ. ಅವನ ಮಾತೃಭಾಷೆ ಪೋರ್ಚುಗೀಸ್. ಈ ಸಂಗತಿ ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನು ಊರಿನ ವಿಷಯ. 2021ರ ಜನಗಣತಿಯಲ್ಲಿ ಲೆಸ್ಟರ್‌ನ ಜನಸಂಖ್ಯೆ ಸುಮಾರು 3,68,600. ಏಷ್ಯಾ ಮೂಲದವರು ಶೇ. 43.4, ಬಿಳಿಯರು ಶೇ. 40.9. ಕ್ರೈಸ್ತರು ಶೇ. 24.7, ಮುಸ್ಲಿಮರು ಶೇ. 23.5, ಹಿಂದೂಗಳು ಶೇ. 17.9. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಓಡಿಸಿದಾಗ, ‘ದಯವಿಟ್ಟು ಲೆಸ್ಟರ್‌ಗೆ ಬರಬೇಡಿ’ ಎಂಬರ್ಥದ ಜಾಹೀರಾತನ್ನು ನಗರಸಭೆ ಉಗಾಂಡದ ಪತ್ರಿಕೆಯಲ್ಲೇ ಹಾಕಿಸಿತ್ತು. ಜನ ಬಂದೇ ಬಂದರು. ಅವರು ಕಟ್ಟಿದ ಬೆಲ್‌ಗ್ರೇವ್ ರಸ್ತೆಯ ಅಂಗಡಿ ಸಾಲು ಈಗ ‘ಗೋಲ್ಡನ್ ಮೈಲ್’ ಎಂದೇ ಪ್ರಸಿದ್ಧ.

ಆ ಪೂರ್ವ ಆಫ್ರಿಕಾ ಗುಜರಾತಿಗಳ ಪಕ್ಕದಲ್ಲಿ ಇತ್ತೀಚೆಗೆ ನೆಲೆಸಿದ ಇನ್ನೊಂದು ಗುಂಪಿದೆ: ದಮನ್ ಮತ್ತು ದಿಯುವಿನಿಂದ ಬಂದವರು. 1961ರ ಡಿಸೆಂಬರ್‌ವರೆಗೆ ಆ ಊರುಗಳು ಪೋರ್ಚುಗಲ್ ವಶದಲ್ಲಿದ್ದವು. ಅದಕ್ಕೆ ಮುಂಚೆ ಅಲ್ಲಿ ಹುಟ್ಟಿದವರು ಮತ್ತು ಅವರ ಸಂತಾನ ಪೋರ್ಚುಗೀಸ್ ಪೌರತ್ವ ಪಡೆಯಬಹುದು. ಆ ಪಾಸ್‌ಪೋರ್ಟ್ ಹಿಡಿದು, ಬ್ರೆಕ್ಸಿಟ್ (ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದು) ಬಾಗಿಲು ಮುಚ್ಚುವ ಮೊದಲು, ಬಹಳ ಮಂದಿ ಲೆಸ್ಟರ್ ಸೇರಿದರು. ಆಹಾರ ಪ್ಯಾಕಿಂಗ್, ಹೊಲಿಗೆ, ಗೋದಾಮುಗಳಲ್ಲಿ ಕೆಲಸ. ಪ್ರಕರಣದ ಕುಟುಂಬ ಇಂಥದ್ದೇ: ರಾತ್ರಿ ಪಾಳಿಯ ತಂದೆ, ಹಗಲು ಪಾಳಿಯ ತಾಯಿ, ಕಾಲೇಜು ಓದುವ 17 ವರ್ಷದ ಮಗ, ಮತ್ತು ಮನೆಯವರೆಲ್ಲ ‘ಬಾ’ ಎಂದು ಕರೆಯುವ ಅಜ್ಜಿ.

ಸಮಸ್ಯೆ ಶುರುವಾದದ್ದು ಹೀಗೆ

2022ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಭಾರತ–ಪಾಕಿಸ್ತಾನ ಕ್ರಿಕೆಟ್ ಪಂದ್ಯದ ಬೆನ್ನಲ್ಲೇ, ಲೆಸ್ಟರ್‌ನಲ್ಲಿ ಹಿಂದೂ ಮತ್ತು ಮುಸ್ಲಿಂ ಯುವಕರ ನಡುವೆ ಗಲಭೆ ನಡೆದಿತ್ತು. ವರ್ಷ ಕಳೆದರೂ, ಬಾಗಿಲು ತಟ್ಟಿ ಧರ್ಮದ ಮಾತೆತ್ತುವ ಅಪರಿಚಿತನನ್ನು ಜನ ಅನುಮಾನದಿಂದಲೇ ನೋಡುತ್ತಿದ್ದರು. ಎಲ್ಡರ್ ಕ ಬಂದಿಳಿದದ್ದು ಇಂಥ ಹೊತ್ತಿನಲ್ಲಿ. ಮೊದಲ ವಾರಗಳ ಮನೆ ಮನೆ ತಿರುಗಾಟದಿಂದ ಹುಟ್ಟಿದ್ದು ಏನೂ ಇಲ್ಲ.

ಮನೆಯೊಳಗೆ ಕರೆದವರೂ ಇದ್ದರು, ಆದರೆ ಅಲ್ಲಿ ಬೇರೆ ತೊಡಕು. ಮಾರ್ಮನ್ನರು ಚಹಾ, ಕಾಫಿ ಮುಟ್ಟುವುದಿಲ್ಲ. ಗುಜರಾತಿ ಮನೆಯಲ್ಲಿ ಕಪ್ ಮುಂದೆ ಬಂದ ಮೇಲೆ ‘ನೋ, ಥ್ಯಾಂಕ್ಸ್’ ಅಂದರೆ ಮನೆಯಾಕೆಯ ಮುಖ ಸಣ್ಣದಾಗುತ್ತದೆ. ಥಟ್ಟನೆ ಹೊಳೆಯುವ ಸರಳ ಕಾರಣಗಳೆಲ್ಲ (ಈಗ ತಾನೇ ಕುಡಿದೆ, ಹೊಟ್ಟೆ ತುಂಬಿದೆ) ಒತ್ತಾಯವನ್ನು ಇನ್ನೂ ಹೆಚ್ಚಿಸುತ್ತವೆ. ಕೆಲಸ ಮಾಡಿದ್ದು ಒಂದೇ ಮಾತು: ಪಾತ್ರೆ ಒಲೆಗೇರುವ ಮುಂಚೆಯೇ ‘ನಮ್ಮ ಧರ್ಮದಲ್ಲಿ ಚಹಾ ನಿಷೇಧ’ ಎನ್ನುವುದು. ಏಕಾದಶಿ ಉಪವಾಸ, ಸ್ವಾಮಿನಾರಾಯಣ ಪಂಥದವರ ಈರುಳ್ಳಿ–ಬೆಳ್ಳುಳ್ಳಿ ವರ್ಜ್ಯ ನೋಡಿಕೊಂಡೇ ಬೆಳೆದವರಿಗೆ ವ್ರತ ಅಂದರೆ ವಿವರಣೆ ಬೇಕಿಲ್ಲ. ಈ ಮನೆಯ ಬಾ ಅಂತೂ ಎರಡನೇ ಸಲದಿಂದ ಇಬ್ಬರಿಗೂ ಚಹಾ ಮಸಾಲೆ ಹಾಕಿ ಕುದಿಸಿದ ಬರೀ ಹಾಲು ಕೊಡತೊಡಗಿದರು. ಕಟ್ಟುವ ಲೇಸಿನ ಬೂಟು ಬಿಟ್ಟು ಸುಲಭವಾಗಿ ಕಳಚುವ ಶೂ ಹಾಕಿಕೊಂಡಿದ್ದು, ಹೆಂಗಸರಿಗೆ ಕೈ ಚಾಚುವ ಬದಲು ಕೈ ಮುಗಿದದ್ದು, ಇಂಥ ಸಣ್ಣ ತಿದ್ದುಪಡಿಗಳು ಬೇಗ ಕೂಡಿಬಂದವು.

ತಿದ್ದಲು ಕಷ್ಟವಾದದ್ದು ಅತಿಥಿ ಸತ್ಕಾರವನ್ನು ಆಸಕ್ತಿ ಎಂದು ಓದುವ ಅಭ್ಯಾಸ. ‘ಮುಂದಿನ ವಾರ ಮತ್ತೆ ಬರಬಹುದಾ?’ ಎಂದರೆ ‘ಬನ್ನಿ ಬನ್ನಿ’. ‘ಈ ಪುಸ್ತಕ ಓದುತ್ತೀರಾ?’ ಎಂದರೆ ‘ಆಗಲಿ’. ಮನೆಗೆ ಬಂದವರಿಗೆ ಮುಖಕ್ಕೆ ಹೊಡೆದಂತೆ ‘ಇಲ್ಲ’ ಅನ್ನುವ ರೂಢಿ ನಮ್ಮ ಕಡೆ ಇಲ್ಲವಲ್ಲ. ಐಡಹೋದ ಹುಡುಗನಿಗೆ ಇದು ಗೊತ್ತಿಲ್ಲ. ಅವನ ಮಟ್ಟಿಗೆ ಹೌದು ಅಂದರೆ ಹೌದು. ಇದಕ್ಕೆ ವಾರದ ವರದಿಯೂ ಇಂಬು ಕೊಟ್ಟಿತು. ಹೊಸದಾಗಿ ಪಾಠ ಕೇಳುತ್ತಿರುವವರು, ಚರ್ಚ್ ಸದಸ್ಯರೊಬ್ಬರು ಜೊತೆಗಿದ್ದ ಪಾಠಗಳು, ಭಾನುವಾರದ ಸಭೆಗೆ ಬಂದವರು, ದೀಕ್ಷಾಸ್ನಾನಕ್ಕೆ (ಚರ್ಚಿಗೆ ಸೇರಿಸಿಕೊಳ್ಳುವ ಬ್ಯಾಪ್ಟಿಸಂ) ದಿನ ಗೊತ್ತಾದವರು ಎಂದು ಕಲಂಗಳಿವೆ. ಸಂಖ್ಯೆಗಾಗಿ ದುಡಿಯಬೇಡಿ ಎಂದು ಮೇಲಿನವರು ಹೇಳುವುದು ನಿಜ; ಕಲಂ ಸೊನ್ನೆಯಾಗಿ ಕೂತಿರುವುದೂ ನಿಜ.

ಪ್ರಯತ್ನಗಳು

ಎಲ್ಡರ್ ಮ ಸಲಹೆಯಂತೆ ಬಾಗಿಲು ತಟ್ಟುವುದನ್ನು ಕಡಿಮೆ ಮಾಡಿ ಎರಡು ಕೆಲಸ ಹಚ್ಚಿಕೊಂಡರು. ಮೊದಲನೆಯದು ಉಚಿತ ಇಂಗ್ಲಿಷ್ ತರಗತಿ. ಗುರುವಾರ ಸಂಜೆ ಏಳಕ್ಕೆ ಇಟ್ಟಾಗ ಖಾಲಿ ಕುರ್ಚಿಗಳು: ಹಗಲು ಪಾಳಿಯ ಹೆಂಗಸರು ಅಡುಗೆ ಮನೆಯಲ್ಲಿ, ರಾತ್ರಿ ಪಾಳಿಯ ಗಂಡಸರು ಡ್ಯೂಟಿಗೆ ಹೊರಡುವ ತಯಾರಿಯಲ್ಲಿ. ಮಧ್ಯಾಹ್ನ ಎರಡಕ್ಕೆ ಬದಲಿಸಿದ ಮೇಲೆ, ನಿದ್ದೆ ಮುಗಿಸಿದ ರಾತ್ರಿ ಪಾಳಿಯವರು ಬಂದರು. ಪಾಠವನ್ನೂ ಬದಲಿಸಬೇಕಾಯಿತು. ‘ಇದು ಪೆನ್ಸಿಲ್, ಅದು ಮೇಜು’ ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಪೇಸ್ಲಿಪ್ ಓದುವುದು: ಒಟ್ಟು ವೇತನ, ನ್ಯಾಷನಲ್ ಇನ್ಶೂರೆನ್ಸ್ ಕಡಿತ, 1257ಎಲ್ ಎಂಬ ತೆರಿಗೆ ಸಂಕೇತ, ರಜೆಯ ಹಣ, 2023ರ ಏಪ್ರಿಲ್‌ನಿಂದ 23 ತುಂಬಿದವರಿಗೆ ಗಂಟೆಗೆ 10.42 ಪೌಂಡ್ ಇದ್ದ ಆಗಿನ ಕನಿಷ್ಠ ವೇತನ ತಮಗೆ ಸಿಗುತ್ತಿದೆಯೇ ಎಂದು ಲೆಕ್ಕ ಹಾಕುವುದು. ಇನ್ನೊಂದು, ಬೆಳಿಗ್ಗೆ ಎಂಟಕ್ಕೆ ವೈದ್ಯರ ಕ್ಲಿನಿಕ್‌ಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಗಿಟ್ಟಿಸುವ ಎರಡು ನಿಮಿಷದ ಮಾತುಕತೆ. ತರಗತಿಯಲ್ಲಿ ಧರ್ಮ ಪ್ರಚಾರ ಇಲ್ಲ ಎಂದು ಮೊದಲೇ ಹೇಳಿದ್ದರು, ಹಾಗೇ ನಡೆದುಕೊಂಡರು.

ಎರಡನೆಯದು ಶುಕ್ರವಾರ ಸಂಜೆಯ ಒಳಾಂಗಣ ಫುಟ್‌ಬಾಲ್. ಮಾರ್ಮನ್ ಚರ್ಚ್ ಕಟ್ಟಡಗಳಲ್ಲಿ ಪ್ರಾರ್ಥನಾ ಕೊಠಡಿಯ ಹಿಂದೆ ಆಟಕ್ಕೂ ಆಗುವ ಒಂದು ದೊಡ್ಡ ಹಾಲ್ ಸಾಮಾನ್ಯವಾಗಿ ಇರುತ್ತದೆ. ಪ್ರಕರಣದ ಹುಡುಗ ಬಂದದ್ದು ಈ ಆಟಕ್ಕೆ. ಆಟ ಮುಗಿದ ಮೇಲೆ ಉಳಿದು ಪ್ರಶ್ನೆ ಕೇಳತೊಡಗಿದ. ಆಸಕ್ತಿ ನಿಜವಾದದ್ದೇ; ಅವನನ್ನು ಯಾರೂ ಬಲೆಗೆ ಹಾಕಲಿಲ್ಲ. ಸೆಪ್ಟೆಂಬರ್‌ನಲ್ಲಿ ಚರ್ಚ್ ಕಟ್ಟಡದಲ್ಲೇ, ವಯಸ್ಕ ಸದಸ್ಯರೊಬ್ಬರು ಜೊತೆಗಿರುವಂತೆ, ಪಾಠ ಶುರುವಾಯಿತು. ಅಪ್ರಾಪ್ತರಿಗೆ ಪಾಠ ಹೇಳಲು ತಂದೆತಾಯಿಯ ಅನುಮತಿ ಬೇಕು. ಇವರು ಮನೆ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಕೇಳಿದರು, ತಾಯಿ ನಕ್ಕು ತಲೆಯಾಡಿಸಿದರು. ಅದೇ ಅನುಮತಿ ಎಂದು ನೋಟ್‌ಬುಕ್ಕಿಗೆ ಹೋಯಿತು. ಈ ಪ್ರಕರಣದ ಮೊದಲ ಬಿರುಕು ಇದು, ಆಗ ಯಾರ ಕಣ್ಣಿಗೂ ಬೀಳಲಿಲ್ಲ.

ಅಕ್ಟೋಬರ್ ಮೊದಲ ವಾರದಲ್ಲಿ ಎಲ್ಡರ್ ಕ ದೀಕ್ಷಾಸ್ನಾನಕ್ಕೆ ಆಹ್ವಾನ ಕೊಟ್ಟ, ಹುಡುಗ ಒಪ್ಪಿದ. ದಿನ: ಶನಿವಾರ, ನವೆಂಬರ್ 11. ಕ್ಯಾಲೆಂಡರಿನಲ್ಲಿ ಶನಿವಾರ ಖಾಲಿ ಇತ್ತು, ಬರೆದುಕೊಂಡರು. 2023ರ ದೀಪಾವಳಿ ನವೆಂಬರ್ 12ರ ಭಾನುವಾರ. 11 ಎಂದರೆ ಗುಜರಾತಿಗಳ ಕಾಳಿ ಚೌದಸ್, ದೀಪಾವಳಿಯ ಹಿಂದಿನ ದಿನದ ಹಬ್ಬ. ಗೋಲ್ಡನ್ ಮೈಲ್ ಉದ್ದಕ್ಕೂ ಹಬ್ಬದ ದೀಪಗಳು ತೂಗುವ ಹೊತ್ತಿನಲ್ಲಿ ಹಿಂದೂ ಕುಟುಂಬದ ಮಗನ ದೀಕ್ಷೆಗೆ ಈ ದಿನ ಇಟ್ಟಿದ್ದನ್ನು ನೋಡಿದರೆ, ಪಂಚಾಂಗ ಯಾರ ಮೇಜಿನ ಮೇಲೂ ಇರಲಿಲ್ಲ ಎಂಬುದು ಸ್ಪಷ್ಟ. ಅದಿರಲಿ, ಹುಡುಗನಾದರೂ ಯಾಕೆ ಹೇಳಲಿಲ್ಲ? ಹಬ್ಬದ ಗಡಿಬಿಡಿಯಲ್ಲಿ ತಾನು ಮನೆಯಲ್ಲಿಲ್ಲದ್ದು ಯಾರಿಗೂ ಗೊತ್ತಾಗದು ಎಂದು ಅವನು ಎಣಿಸಿದ್ದ. ಇದು ಆಮೇಲೆ ತಿಳಿದದ್ದು.

ಚರ್ಚಿನ ಕೈಪಿಡಿಯ ಪ್ರಕಾರ ಅಪ್ರಾಪ್ತರ ದೀಕ್ಷೆಗೆ ಹೆತ್ತವರ ಒಪ್ಪಿಗೆ ಬೇಕು. ಮಗು ಏನನ್ನು ಕಲಿಯುತ್ತಿದೆ ಎಂಬುದು ಅವರಿಗೆ ಅರ್ಥವಾಗಿರಬೇಕು. ಇಂಗ್ಲೆಂಡಿನಲ್ಲಿ ಪ್ರಾಪ್ತ ವಯಸ್ಸು 18. ನವರಾತ್ರಿಯ ವಾರದಲ್ಲಿ, ಊರೆಲ್ಲ ಗರ್ಬಾ ಗುಂಗಿನಲ್ಲಿದ್ದಾಗ, ಎಲ್ಡರ್ ಕ ಒಂದು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರವನ್ನು ಹುಡುಗನ ಕೈಗೇ ಕೊಟ್ಟು, ತಂದೆಯ ಸಹಿ ಹಾಕಿಸಿ ತಾ ಎಂದ. ಮರುದಿನವೇ ಸಹಿ ಬಂತು.

ಒಂದು ದಿನದಲ್ಲಿ ಸಹಿ ಬಂದದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಅದು ಒಳ್ಳೆಯ ಸುದ್ದಿಯಾಯಿತು, ಆ ಭಾನುವಾರದ ವರದಿಯಲ್ಲಿ ಕಲಂ ತುಂಬಿತು.

ತಿರುವು

ನವೆಂಬರ್ 7, ಮಂಗಳವಾರ. ಶನಿವಾರದ ಕಾರ್ಯಕ್ರಮಕ್ಕೆ ಮನೆಯವರನ್ನು ಕರೆಯಲೆಂದು ಇಬ್ಬರೂ ಹೋದರು. ಮನೆಯಲ್ಲಿ ಬಾ ಒಬ್ಬರೇ. ಮನೆಯಲ್ಲಿ ಹೆಂಗಸರು ಮಾತ್ರ ಇದ್ದರೆ ಗಂಡು ಮಿಷನರಿಗಳು ಒಳಗೆ ಹೋಗುವಂತಿಲ್ಲ, ಹಾಗಾಗಿ ಹೊಸ್ತಿಲ ಹೊರಗೇ ನಿಂತರು. ಬಾ ಅವರಿಗೆ ಇಂಗ್ಲಿಷ್ ಬಾರದು, ಇವರಿಗೆ ಗುಜರಾತಿ ಬಾರದು. ದಿಯುವಿನವರ ಪಾಸ್‌ಪೋರ್ಟ್ ನೋಡಿ ಎಲ್ಡರ್ ಮ ಹಿಂದೆ ಬಹಳ ಮನೆಗಳಲ್ಲಿ ಪೋರ್ಚುಗೀಸ್ ಪ್ರಯೋಗಿಸಿ ಸೋತಿದ್ದ. ಈ ಪೀಳಿಗೆಯವರಿಗೆ ಆ ಭಾಷೆ ಪಾಸ್‌ಪೋರ್ಟಿನ ಅಕ್ಷರವಷ್ಟೇ. ಆದರೆ ಬಾ 1961ಕ್ಕೆ ಮುಂಚೆ ದಿಯುವಿನಲ್ಲಿ ಪೋರ್ಚುಗೀಸ್ ಸ್ಕೂಲಿಗೆ ಹೋದವರು. ಎಲ್ಡರ್ ಮ ಜೋಡಿದಾರನಿಗೆ ಏನೋ ಗೊಣಗುವಾಗ ತನ್ನ ಭಾಷೆಯ ಒಂದು ಉದ್ಗಾರ ಬಾಯಿಂದ ಬಿತ್ತು. ಬಾ ತಟ್ಟನೆ ಪೋರ್ಚುಗೀಸಿನಲ್ಲೇ ಉತ್ತರಿಸಿದರು. ಮಗ್ಗಿ ಒಪ್ಪಿಸುವ ಧಾಟಿಯ, ವ್ಯಾಕರಣ ಸವೆದ, ಆದರೆ ಅರ್ಥವಾಗುವ ಪೋರ್ಚುಗೀಸ್.

ಅವರು ಕೇಳಿದ್ದು ಇಷ್ಟು: ‘ಶನಿವಾರದ ಪ್ರವಾಸಕ್ಕೆ ಥೇಪ್ಲಾ ಕಟ್ಟಿಕೊಡಲಾ? ಎಷ್ಟು ಜನ ಹುಡುಗರು ಹೋಗ್ತೀರಿ?’

ಥೇಪ್ಲಾ ಗುಜರಾತಿಗಳ ಬುತ್ತಿ; ಮೆಂತ್ಯ ಸೊಪ್ಪು ಹಾಕಿ ಲಟ್ಟಿಸಿದ, ಎರಡು ಮೂರು ದಿನ ಕೆಡದ ರೊಟ್ಟಿ. ಪ್ರಯಾಣ ಹೊರಟವರಿಗೆ ಡಬ್ಬಿಗೆ ತುಂಬಿ ಕೊಡುತ್ತಾರೆ. ಎಲ್ಡರ್ ಮ ಇನ್ನೆರಡು ಪ್ರಶ್ನೆ ಕೇಳಿದ. ಮನೆಯವರಿಗೆ ಗೊತ್ತಿದ್ದದ್ದು ಒಂದು ಫುಟ್‌ಬಾಲ್ ಪಂದ್ಯಾವಳಿ, ಅದಕ್ಕೆ ತಂದೆಯ ಸಹಿ. ಅಷ್ಟೇ.

ತಂದೆ ಆ ಕಾಗದವನ್ನು ಯಾಕೆ ಓದಲಿಲ್ಲ ಎಂಬುದೇ ಪ್ರಕರಣದ ತಿರುಳು. ಆ ಮನೆಯ ಇಂಗ್ಲಿಷ್ ವ್ಯವಹಾರವೆಲ್ಲ ಮಗನದೇ. ಬ್ರೆಕ್ಸಿಟ್ ನಂತರದ ವಾಸದ ಅರ್ಜಿ, ಕ್ಲಿನಿಕ್ ನೋಂದಣಿ, ವಿದ್ಯುತ್ ಬಿಲ್ಲಿನ ತಕರಾರು, ಬಾಡಿಗೆ ಕರಾರು, ಎಲ್ಲವನ್ನೂ ಹನ್ನೆರಡನೇ ವಯಸ್ಸಿನಿಂದ ಅವನೇ ಓದಿ, ತುಂಬಿ, ‘ಪಪ್ಪಾ, ಇಲ್ಲಿ’ ಎಂದು ಬೆರಳಿಟ್ಟು ತೋರಿಸುತ್ತಿದ್ದ. ತಂದೆ ಅಲ್ಲಿ ಸಹಿ ಮಾಡುತ್ತಿದ್ದರು. ವಲಸಿಗರ ಸಾವಿರಾರು ಮನೆಗಳಲ್ಲಿ ಮಗನೋ ಮಗಳೋ ಮನೆಯ ಗುಮಾಸ್ತರಾಗಿರುತ್ತಾರೆ. ಅಂಥ ಮಗನ ಕೈಯಲ್ಲೇ ಅವನ ಒಪ್ಪಿಗೆ ಪತ್ರ ಕಳಿಸಿದರೆ, ಅರ್ಜಿ ಹಾಕುವವನೂ ಅವನೇ, ಓದಿ ಹೇಳುವವನೂ ಅವನೇ, ಮಂಜೂರು ಮಾಡಿಸಿಕೊಳ್ಳುವವನೂ ಅವನೇ.

ಆ ರಾತ್ರಿ ಇಬ್ಬರ ಮುಂದೆ ಮೂರು ದಾರಿಗಳಿದ್ದವು. ಸಹಿ ಇದೆ, ಹುಡುಗನಿಗೆ ಮನಸ್ಸಿದೆ, 18 ತುಂಬಲು ಮೂರೇ ತಿಂಗಳು ಬಾಕಿ, ಹಾಗಾಗಿ ಮುಂದುವರಿಯುವುದು ಒಂದು. ಸೀದಾ ತಂದೆಗೆ ತಿಳಿಸುವುದು ಎರಡು. ದಿನ ರದ್ದು ಮಾಡಿ, ಮನೆಯಲ್ಲಿ ತಾನೇ ಹೇಳಲು ಹುಡುಗನಿಗೆ ಅವಕಾಶ ಕೊಡುವುದು ಮೂರು. ಎಲ್ಡರ್ ಕ ಮೊದಲನೆಯದಕ್ಕೆ ವಾಲಿದ. ಹುಡುಗ ಸುಳ್ಳು ಹೇಳಿರಬಹುದು, ನಂಬಿಕೆ ಸುಳ್ಳಲ್ಲವಲ್ಲ ಎಂಬುದು ಅವನ ವಾದ. ತಳ್ಳಿಹಾಕುವಂಥ ವಾದವೂ ಅಲ್ಲ. ಎಲ್ಡರ್ ಮ ಎರಡನೆಯದನ್ನು ಬೇಡವೆಂದ, ಮನೆಯಲ್ಲಿ ಹುಡುಗನ ಮೇಲೆ ಕೈ ಎತ್ತಿದರೆ ಜವಾಬ್ದಾರಿ ಯಾರದು ಎಂದು. ದೀಕ್ಷೆಗೆ ಮುಂಚೆ, ಬುಧವಾರ, ಹುಡುಗನ ಸಂದರ್ಶನ ಮಾಡಬೇಕಿದ್ದವನು ಡಿಸ್ಟ್ರಿಕ್ಟ್ ಲೀಡರ್, ಅಂದರೆ ಕೆಲವು ಜೋಡಿಗಳಿಗೆ ಮುಂದಾಳಾದ ಮಿಷನರಿ, ಇವರ ವಯಸ್ಸಿನವನೇ. ಅವನಿಗೆ ತಿಳಿಸಿದರು, ಅವನು ಆ ಪ್ರದೇಶದ ಮಿಷನರಿಗಳನ್ನೆಲ್ಲ ನೋಡಿಕೊಳ್ಳುವ ಮಿಷನ್ ಅಧ್ಯಕ್ಷರಿಗೆ ದಾಟಿಸಿದ. ಹದಿನೈದು ನಿಮಿಷದಲ್ಲಿ ತೀರ್ಮಾನ ಬಂತು: ಮೂರನೆಯದು. ದೀಕ್ಷಾ ತೊಟ್ಟಿಗೆ ನೀರು ತುಂಬಲು ಗಂಟೆಗಟ್ಟಲೆ ಹಿಡಿಯುತ್ತದೆ, ಆ ಹೊತ್ತೆಲ್ಲ ವಯಸ್ಕರೊಬ್ಬರು ಕಾವಲಿರಬೇಕು. ಶನಿವಾರಕ್ಕೆ ಒಪ್ಪಿಕೊಂಡಿದ್ದ ಸದಸ್ಯರಿಗೆ ಬೇಡವೆಂದು ಹೇಳಿದರು. ಅಳತೆ ನೋಡಿ ತೆಗೆದಿಟ್ಟಿದ್ದ ಬಿಳಿ ಬಟ್ಟೆ ಕಪಾಟಿಗೆ ಹೋಯಿತು.

ಮುಂದೆ ಆದದ್ದು

ಬುಧವಾರ ಹುಡುಗನಿಗೆ ಹೇಳಿದಾಗ ಅವನು ಸಿಟ್ಟಿಗೆದ್ದ. ‘ನಿಮ್ಮ ಕಾಗದಕ್ಕೆ ಬೇಕಾದ್ದು ಸಿಕ್ಕಿತಲ್ಲ’ ಎಂದವನೇ ಇಬ್ಬರ ನಂಬರನ್ನೂ ಬ್ಲಾಕ್ ಮಾಡಿದ. ಹಬ್ಬ ಮುಗಿದ ಮೇಲೆ ತಾಯಿಗೆ ತಾನೇ ಹೇಳಿದ. ತಂದೆಗೆ ತಿಳಿದದ್ದು ತಾಯಿಯಿಂದ.

ತಂದೆ ಚರ್ಚಿಗೆ ಫೋನ್ ಮಾಡಿಸಿ ಬರಹೇಳಿದರು. ಭಾಷಾಂತರಕ್ಕೆ ಹುಡುಗನನ್ನು ಬಳಸುವಂತಿರಲಿಲ್ಲ. ಆ ಹೊತ್ತಿಗಾದರೂ ಇಷ್ಟು ಕಲಿತಿದ್ದರು. ತಂದೆಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅದೇ ವಾರ್ಡಿನಲ್ಲಿ, ಅಂದರೆ ಸ್ಥಳೀಯ ಸಭೆಯಲ್ಲಿ, ಬೆಂಗಳೂರಿನಿಂದ ಹೋಗಿ ನೆಲೆಸಿದ ಐಟಿ ಉದ್ಯೋಗಿಯೊಬ್ಬರಿದ್ದರು. ಈ ಚರ್ಚಿನ ಬೆಂಗಳೂರು ಮಿಷನ್ 1993ರಲ್ಲಿ ಆರಂಭವಾದದ್ದು, 2018ರಲ್ಲಿ ಅಲ್ಲಿಗೊಂದು ದೇವಾಲಯವನ್ನೂ ಘೋಷಿಸಿದ್ದಾರೆ. ಹಿಂದಿ ಬಲ್ಲ ಆ ಸದಸ್ಯರು ಜೊತೆಗೆ ಬಂದರು. ಮಿಷನರಿಗಳಿಗೆ ಅವರು ದಾರಿಯಲ್ಲೇ ಒಂದು ಮಾತು ತಿಳಿಸಿದ್ದರು: ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆ, ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು ಎನ್ನುತ್ತದೆ, ಇಂಗ್ಲೆಂಡಿನಲ್ಲಿ ಅಂಥದ್ದಿಲ್ಲ, ಆದರೆ ಭಾರತದಿಂದ ಬಂದವರ ತಲೆಯಲ್ಲಿ ಮತಾಂತರ, ಸಹಿ ಎಂಬೆರಡು ಪದ ಒಟ್ಟಿಗೆ ಬಿದ್ದರೆ ಕೋರ್ಟು, ಪೊಲೀಸು ನೆನಪಾಗುತ್ತವೆ. ಆ ಕಾಯ್ದೆಯ ಸರಿತಪ್ಪು ಬೇರೆ ಚರ್ಚೆ. ಭಯ ಎಲ್ಲಿಂದ ಬರುತ್ತದೆ ಎಂಬುದು ಮಿಷನರಿಗಳಿಗೆ ಅರ್ಥವಾದದ್ದು ಆಗಲೇ.

ಧರ್ಮದ ಬಗ್ಗೆ ವಾಗ್ವಾದ ನಡೆಯಬಹುದು ಎಂದು ಎಲ್ಡರ್ ಕ ಸಿದ್ಧನಾಗಿ ಬಂದಿದ್ದ. ತಂದೆ ಆ ಮಾತನ್ನೇ ಎತ್ತಲಿಲ್ಲ. ಒಪ್ಪಿಗೆ ಪತ್ರವನ್ನು ಮೇಜಿನ ಮೇಲೆ ಇಡಿಸಿ, ಸಾಲು ಸಾಲಾಗಿ ಹಿಂದಿಯಲ್ಲಿ ಓದಿಸಿದರು. ಕೊನೆಗೆ ಕೇಳಿದ್ದು, ‘ನನ್ನ ಸಹಿ ಬೇಕಾಗಿದ್ದವರು ನನ್ನ ಹತ್ತಿರ ಯಾಕೆ ಬರಲಿಲ್ಲ?’ ನಿಮ್ಮ ಪಾಳಿ, ನಮ್ಮ ವೇಳಾಪಟ್ಟಿ ಎಂದು ಎಲ್ಡರ್ ಕ ವಿವರಿಸಲು ಹೋದ. ಭಾಷಾಂತರಿಸುತ್ತಿದ್ದವರು ಅದನ್ನು ಹೇಳದೆ ಬಿಟ್ಟು, ‘ಬರಬೇಕಿತ್ತು ಭಾಯ್, ತಪ್ಪಾಯಿತು ಅಂತಿದ್ದಾರೆ’ ಎಂದರು. ಭಾಷಾಂತರಕಾರ ಹೀಗೆ ಮಾಡಬಾರದು, ನಿಯಮದ ಪ್ರಕಾರ ಅದು ತಪ್ಪು. ಆ ಹೊತ್ತಿಗೆ ಬೇಕಿದ್ದದ್ದೂ ಅದೇ.

ತಂದೆಯ ತೀರ್ಮಾನ: 18 ತುಂಬುವವರೆಗೆ ಪಾಠ ಬೇಡ, ಫುಟ್‌ಬಾಲ್ ಆಡಬಹುದು. ಪತ್ರವನ್ನು ಅಲ್ಲೇ ಹರಿಯಲಾಯಿತು. ಮಿಷನರಿಗಳು ತಂದೆಯ ಮಾತನ್ನು ಅಕ್ಷರಶಃ ಪಾಲಿಸಿದರು. ಹುಡುಗ ಎರಡು ವಾರ ಬಿಟ್ಟು ಆಟಕ್ಕೆ ಬಂದಾಗಲೂ ಆಟ ಮಾತ್ರ.

ಎಲ್ಡರ್ ಕಗೆ ಆ ಚಳಿಗಾಲ ಕಷ್ಟದ್ದಾಯಿತು. ವರದಿಯಲ್ಲಿ ಮೆಚ್ಚುಗೆ ಪಡೆದ ಸಾಲನ್ನು ಅವನೇ ಅಳಿಸಬೇಕಾಯಿತು. ಸೋಮವಾರದ ಫೋನಿನಲ್ಲಿ ಮನೆಗೆ ಮರಳುತ್ತೇನೆ ಎಂದ. ಅವಧಿಗೆ ಮೊದಲೇ ಮರಳಿದವನ ಬಗ್ಗೆ ಅವನ ಊರಿನಂಥ ಕಡೆ ಪಿಸುಮಾತು ತಪ್ಪದು, ಅದು ಇನ್ನೊಂದು ಹೊರೆ. ಮಿಷನ್ ಅಧ್ಯಕ್ಷರು ಉಪದೇಶಕ್ಕೆ ಕೂರದೆ ಕೆಲಸವೊಂದನ್ನು ಒಪ್ಪಿಸಿದರು: ನಿಮ್ಮ ಪ್ರದೇಶದಲ್ಲಿ ಒಪ್ಪಿಗೆ ಕೇಳುವ ಕ್ರಮ ಹೇಗಿರಬೇಕೋ ಬರೆದುಕೊಡು. ಅದನ್ನು ಬರೆಯುತ್ತಾ ಅವನು ಉಳಿದ. ಎಲ್ಡರ್ ಮ ವರ್ಗವಾಗಿ ಹೋದ ಮೇಲೂ ಬಾ ಹೊಸ ಜೋಡಿದಾರನ ಜೊತೆ ಪೋರ್ಚುಗೀಸ್ ಪ್ರಯತ್ನಿಸಿ ನಿರಾಶರಾದರು, ಅವನು ಘಾನಾದವನು.

ಫೆಬ್ರುವರಿಯಲ್ಲಿ ಹುಡುಗನಿಗೆ 18 ತುಂಬಿತು. ದೀಕ್ಷೆ ಪಡೆಯಲಿಲ್ಲ. ಇನ್ನೂ ಯೋಚಿಸುತ್ತಿದ್ದೇನೆ ಎಂದು ಹೇಳಿ, ಬೇಸಿಗೆಯ ಹೊತ್ತಿಗೆ ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ. ತಂದೆ ಮತ್ತೆ ಚರ್ಚಿನ ಕಡೆ ಬರಲಿಲ್ಲ. ತಾಯಿ ಪಾಳಿ ಬದಲಿಸಿಕೊಂಡು ಮಧ್ಯಾಹ್ನದ ಇಂಗ್ಲಿಷ್ ತರಗತಿಗೆ ಸೇರಿದರು.

ಬದಲಾದ ಕ್ರಮ

ಎಲ್ಡರ್ ಕ ಬರೆದುಕೊಟ್ಟದ್ದು ಒಂದೂವರೆ ಪುಟ. ಅದರಲ್ಲಿ ಗಟ್ಟಿಯಾದ ಅಂಶ ಒಂದೇ, ಉಳಿದದ್ದೆಲ್ಲ ಅದಕ್ಕೆ ಆಸರೆ: ಒಪ್ಪಿಗೆ ಯಾರಿಗೆ ಸಂಬಂಧಿಸಿದೆಯೋ ಅವರ ಕೈಯಲ್ಲಿ ಒಪ್ಪಿಗೆ ಪತ್ರ ಕಳಿಸಬಾರದು, ಅವರಿಂದ ಅದನ್ನು ಭಾಷಾಂತರ ಮಾಡಿಸಬಾರದು. ಒಡಹುಟ್ಟಿದವರೂ ಬೇಡ. ಭಾಷೆ ಬಲ್ಲ ಹೊರಗಿನ ವಯಸ್ಕರೊಬ್ಬರು ಬೇಕು. ಅವರು ಚರ್ಚಿನವರಲ್ಲದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮನೆಯವರು ಅವರ ಮುಂದೆ ‘ಬೇಡ’ ಎನ್ನಲು ಅಂಜುವುದಿಲ್ಲ.

ಅನುಮತಿ ಎರಡು ಸಲ ಬೇಕು, ಪಾಠ ಶುರುವಾಗುವ ಮೊದಲು ಒಮ್ಮೆ, ದೀಕ್ಷೆಗೆ ದಿನ ಇಡುವ ಮೊದಲು ಇನ್ನೊಮ್ಮೆ. ಎರಡೂ ಸಲ ತಂದೆತಾಯಿ ಒಟ್ಟಿಗೆ ಮನೆಯಲ್ಲಿರುವ ಹೊತ್ತು ನೋಡಬೇಕು. ಪಾಳಿ ಕೆಲಸದವರ ಮನೆಯಲ್ಲಿ ಅದು ವಾರಕ್ಕೆ ಒಂದೋ ಎರಡೋ ತಾಸು, ಹುಡುಕಿಕೊಂಡೇ ಹೋಗಬೇಕು. ದೀಕ್ಷೆ ಪಡೆದವರು ಆಮೇಲೆ ಏನೇನು ಪಾಲಿಸಬೇಕು ಎಂಬುದನ್ನು ಮನೆಯವರ ಬದುಕಿಗೆ ತಾಗುವಂತೆ ಹೇಳಬೇಕು: ಆದಾಯದ ಹತ್ತನೇ ಒಂದು ಪಾಲು ದಶಮಾಂಶ, ಭಾನುವಾರದ ಸಭೆ, ಚಹಾ–ಕಾಫಿ–ಮದ್ಯ–ತಂಬಾಕು ವರ್ಜ್ಯ. ಮಗನ ಸಂಬಳದಲ್ಲಿ ಹತ್ತನೇ ಒಂದು ಎಂದು ಕೇಳಿದಾಗ ತಂದೆಯ ಮುಖದಲ್ಲಿ ಏನೂ ಬದಲಾಗದಿದ್ದರೆ ಮಾತು ತಲುಪಿಲ್ಲ ಎಂದೇ ಅರ್ಥ. ಸಹಿಯನ್ನು ಆ ದಿನವೇ ತರಬಾರದು, ಕನಿಷ್ಠ ಒಂದು ವಾರ ಪತ್ರ ಮನೆಯಲ್ಲಿರಬೇಕು, ಅದೂ ಅವರ ಭಾಷೆಯಲ್ಲಿ. ಗುಜರಾತಿ ಅನುವಾದಕ್ಕೆ ಅನುವಾದಕರಿಗೆ ದುಡ್ಡು ಕೊಡಬೇಕಾಯಿತು. ಫೋನಿನ ಯಂತ್ರಾನುವಾದವನ್ನು ಮೊದಲು ಪ್ರಯತ್ನಿಸಿ, ಓದಿದವರು ನಕ್ಕ ಮೇಲೆ ಕೈಬಿಟ್ಟಿದ್ದರು. ದಿನ ಇಡುವ ಮುಂಚೆ ನವರಾತ್ರಿ, ದೀಪಾವಳಿ, ರಂಜಾನ್, ವೈಶಾಖಿ, ಕಾಲೇಜು ಪರೀಕ್ಷೆಗಳಿರುವ ಕ್ಯಾಲೆಂಡರ್ ನೋಡಬೇಕು. ಒಂದು ದಿನದಲ್ಲಿ ಬಂದ ಸಹಿಯನ್ನು ಸಹಿಯೆಂದು ಎಣಿಸಬಾರದು.

ಇದರಿಂದ ವರದಿಯ ಕಲಂಗಳು ತೆಳುವಾಗುತ್ತವೆ ಎಂದು ಕೆಲವು ಮಿಷನರಿಗಳು ಗೊಣಗಿದರು. ಆದದ್ದೂ ಹಾಗೆಯೇ. ಮೊದಲ ಭೇಟಿಯಲ್ಲೇ ‘ನಮಗೆ ಬೇಡ’ ಎಂದವರು ಹೆಚ್ಚಿದರು. ಅದೇ ಮನೆಗಳಲ್ಲಿ ಇಂಗ್ಲಿಷ್ ತರಗತಿಗೆ ಬಂದವರೂ ಹೆಚ್ಚಿದರು, ಬೇಡ ಎಂದ ಮೇಲೂ ಮುಖ ಕೆಡಿಸಿಕೊಳ್ಳದವರನ್ನು ಜನ ನಂಬಿದರು.

ಒಂದು ವಿಷಯ ಮಾತ್ರ ಆ ಪ್ರದೇಶದಲ್ಲಿ ಇತ್ಯರ್ಥವಾಗಲಿಲ್ಲ. 18 ತುಂಬಿದ ಯುವಕ ಅಥವಾ ಯುವತಿ, ಮನೆಯವರಿಗೆ ಹೇಳಬೇಡಿ ಎಂದರೆ? ಚರ್ಚಿನ ನಿಯಮದಲ್ಲಿ ಹೆತ್ತವರ ಅನುಮತಿ ಆಗ ಬೇಕಿಲ್ಲ. ಪ್ರಾಪ್ತರಿಗೆ ಮನೆಯ ಸಹಿ ಕೇಳುವುದು ಅವರನ್ನು ಮಕ್ಕಳೆಂದು ಕಂಡಂತೆ ಎಂದು ಎಲ್ಡರ್ ಮ ವಾದಿಸಿದ್ದ, ಅದು ಸರಿಯಾದ ಮಾತೇ. ಎಲ್ಡರ್ ಕ ತನ್ನ ಕಾಗದದಲ್ಲಿ ಸಹಿಯ ಬದಲು ಎರಡು ಪ್ರಶ್ನೆ ಸೇರಿಸಿದ: ಈ ವಿಷಯ ಮನೆಯಲ್ಲಿ ಯಾರಿಗೆ ಗೊತ್ತು, ಮತ್ತು ಗೊತ್ತಾದ ರಾತ್ರಿ ಮನೆಯಿಂದ ಹೊರಹಾಕಿದರೆ ನೀನು ಎಲ್ಲಿ ಮಲಗುತ್ತೀ. ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ದಿನ ಇಡುವಂತಿಲ್ಲ. ಮೊದಲು ವಾರ್ಡಿನ ಬಿಷಪ್ ಜೊತೆ ಕೂತು ಒಂದು ಹಾಸಿಗೆ, ಒಂದು ಫೋನ್ ನಂಬರ್ ಗೊತ್ತುಮಾಡಬೇಕು. ಕೆಲವು ಜೋಡಿಗಳು ಇದನ್ನು ಅನುಸರಿಸುತ್ತವೆ, ಕೆಲವು ಅತಿಯಾಯಿತು ಎಂದು ಬಿಟ್ಟಿವೆ.